ಹುಲ್ಲಪ್ಪನ ಯಂತ್ರ, ಷಡ್ಡಕನ ಪೆಟ್ರೋಲ್

ಆಸ್ಪತ್ರೆಯವರೆಲ್ಲ ಅವನನ್ನು ಹುಲ್ಲಪ್ಪ ಅಂತಲೇ ಕರೆಯುತ್ತಿದ್ದರು. ಹದಿನೆಂಟು ವರ್ಷದಿಂದ ಅಲ್ಲಿನ ಹುಲ್ಲುಹಾಸು ಕತ್ತರಿಸುವವನು ಅವನೇ. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಮೇಲೆ ಕೂತು ಓಡಿಸುವ ಆ ಕತ್ತರಿಸುವ ಯಂತ್ರವೆಂದರೆ ಅವನಿಗೆ ಪ್ರಾಣ. ಹೆಂಡತಿಗೆ ತಲೆನೋವೆಂದರೆ “ಸ್ವಲ್ಪ ಮಲಕೋ” ಎನ್ನುವ ಮನುಷ್ಯ, ಯಂತ್ರ ಕೆಮ್ಮಿದರೆ ಊಟ ಬಿಡುತ್ತಿದ್ದ.

ಈ ವಾರ ಅದು ಕೆಮ್ಮಿದ್ದಲ್ಲ, ಸೋತೇ ಹೋಗುತ್ತಿತ್ತು. ಖಾಲಿ ಓಡಿಸಿದರೆ ಚೆನ್ನಾಗಿಯೇ ಓಡುತ್ತಿತ್ತು. ಬ್ಲೇಡು ಇಳಿಸಿ ದಟ್ಟ ಹುಲ್ಲಿಗೆ ನುಗ್ಗಿಸಿದರೆ ಹತ್ತೇ ನಿಮಿಷಕ್ಕೆ ದನಿ ಕುಗ್ಗಿ ನಿಲ್ಲುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರು. ಹುಲ್ಲಪ್ಪ ಏರ್ ಫಿಲ್ಟರ್ ಝಾಡಿಸಿದ, ಪ್ಲಗ್ ಬದಲಿಸಿದ, ಬೆಲ್ಟ್ ಬಿಗಿ ಮಾಡಿದ, ಬ್ಲೇಡು ಮಸೆದ. ಜಪ್ಪಯ್ಯ ಅಂದರೂ ಗುಣವಾಗಲಿಲ್ಲ. ಮೇಲ್ವಿಚಾರಕರು ಬಂದು, “ಏನಯ್ಯಾ, ನಿನ್ನ ಕೈಲಿ ಆಗ್ತಿಲ್ವಾ?” ಎಂದಾಗ ಮಾನ ಹೋದಂತಾಗಿ ನಾಲಿಗೆ ಜಾರಿತು: “ಯಂತ್ರ ಸರಿಯಾಗೇ ಇದೆ ಸಾರ್. ಪೆಟ್ರೋಲಲ್ಲೇ ಏನೋ ಬೆರೆಸಿದಾರೆ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನೆಲಕ್ಕೆ ಕೆಲಸ ಹೋಗುವುದಿಲ್ಲವಲ್ಲ! ಪೆಟ್ರೋಲ್ ಅಳೆದು ಕೊಡುವ ಉಗ್ರಾಣದವನು ಹುಲ್ಲಪ್ಪನ ಷಡ್ಡಕ, ಹೆಂಡತಿಯ ಒಡಹುಟ್ಟಿದ ತಂಗಿಯ ಗಂಡ. ಇವತ್ತು ಮೂರು ಗಂಟೆಗೆ ಅವನ ವಿಚಾರಣೆ. ಕಲಬೆರಕೆ ಮಾಡಿದ್ದಾನೆಂದಾದರೆ ಕೆಲಸ ಹೋಯಿತು. ಬೆಳಿಗ್ಗೆ ಹೆಂಡತಿ ತಟ್ಟೆ ಕುಕ್ಕಿ, “ನನ್ನ ತಂಗಿ ಮುಖ ಹೇಗೆ ನೋಡ್ಲಿ ನಾನು?” ಎಂದು ಒಳಗೆ ಹೋಗಿದ್ದಳು.

ಎರಡೂವರೆಗೆ ಹಿಂದಿನ ಇಳಿಜಾರಿನಲ್ಲಿ ಯಂತ್ರ ಮತ್ತೆ ನಿಂತಿತು. ಪೆಟ್ರೋಲ್ ಕೆಟ್ಟದ್ದೇ ಆಗಿರಲಿ ಎಂದು ಅವನ ಮನಸ್ಸು ಬೇಡುತ್ತಿತ್ತು; ಹಾಗೆ ಬೇಡುತ್ತಿರುವುದಕ್ಕೇ ತನ್ನನ್ನು ಬೈದುಕೊಂಡ. ಬಣ್ಣವನ್ನಾದರೂ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಸ್ಸೆಂದು ಗಾಳಿ ಒಳಕ್ಕೆ ನುಗ್ಗಿತು. ಕೀ ತಿರುಗಿಸಿದ. ಅರ್ಧ ಗಂಟೆ ಕಾಯದೆ, ಆ ಕ್ಷಣವೇ ಶುರುವಾಯಿತು.

ಅವನು ಮುಚ್ಚಳವನ್ನು ತಿರುಗಿಸಿ ನೋಡಿದ. ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತಿತ್ತು, ಒಳಗೆ ಗಾಳಿಯಾಡಲೆಂದೇ ಇಟ್ಟದ್ದು. ಗಾಳಿ ಹೋಗದಿದ್ದರೆ ಪೆಟ್ರೋಲ್ ಇಂಜಿನ್ನಿಗೆ ಇಳಿಯುವುದಿಲ್ಲ; ನಿಂತ ಮೇಲೆ ಅಂಚಿನಿಂದ ಮೆಲ್ಲಗೆ ಗಾಳಿ ಸೇರಿದರಷ್ಟೇ ಮತ್ತೆ ಇಳಿಯುತ್ತದೆ. ಹೋದ ವಾರ ಇದೇ ಇಳಿಜಾರಿನಲ್ಲಿ ಅಲ್ಲಿಂದ ನಾಲ್ಕು ಹನಿ ಚೆಲ್ಲಿದ್ದಕ್ಕೆ, ಸೋರುತ್ತಿದೆಯೆಂದು ಸ್ನಾನದ ಸೋಪು ಮೆತ್ತಿ ತೂತು ಮುಚ್ಚಿದವನು ಇದೇ ಹುಲ್ಲಪ್ಪ. ಆತುರಗಾರನಿಗೆ ಬುದ್ಧಿ ಮಟ್ಟ.

ಸೋಪು ಕೆರೆದು ಹಾಕಿ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆಯೂ ಬಂತು, ಇಲ್ಲವೆಂದರೆ ಸುಳ್ಳಾದೀತು. ಬಂದದ್ದಕ್ಕೆ ತಾನೇ ಹೇಸಿ, ಮುಚ್ಚಳ ಹಿಡಿದುಕೊಂಡೇ ಓಡಿದ.

ಮೇಲ್ವಿಚಾರಕರ ಕೋಣೆಯಲ್ಲಿ ಷಡ್ಡಕ ಉಗ್ರಾಣದ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ನಿಂತಿದ್ದ.

“ಪೆಟ್ರೋಲ್ ಚೊಕ್ಕವಾಗಿದೆ ಸಾರ್. ತಪ್ಪೆಲ್ಲ ನಂದೇ,” ಎಂದು ಹುಲ್ಲಪ್ಪ ಏದುಸಿರು ಬಿಡುತ್ತ ಸೋಪಿನ ಕಥೆ ಒಪ್ಪಿಸಿದ.

ಮೇಲ್ವಿಚಾರಕರಿಗೆ ನಗು ತಡೆಯಲಾಗಲಿಲ್ಲ. “ಸರಿ ಸರಿ, ಇಬ್ರೂ ಹೋಗಿ ಕೆಲಸ ನೋಡ್ರಯ್ಯ.”

ಷಡ್ಡಕ ನಗಲಿಲ್ಲ. ಬೀಗದ ಕೈಗಳನ್ನು ಎತ್ತಿಕೊಂಡು ಹೊರಗೆ ಬಂದ. ಹುಲ್ಲಪ್ಪ ಅವನ ತೋಳು ಹಿಡಿದು, “ತಪ್ಪಾಯ್ತು ಕಣೋ,” ಎಂದ.

“ಆಯ್ತು ಬಿಡಿ ಅಣ್ಣಾ,” ಎಂದು ಅವನು ಮೆಲ್ಲಗೆ ತೋಳು ಬಿಡಿಸಿಕೊಂಡ. “ನಾಳೆಯಿಂದ ನಾನು ಕ್ಯಾನು ತುಂಬೋವಾಗ ಪಕ್ಕದಲ್ಲೇ ನಿಂತು ನೋಡ್ಕೊಳ್ಳಿ.”