ಮೇಲ್ಬೀದಿಯ ಕೀಲಿ

ಸಿದೊನಿ ಮದುವೆಯಾಗಿ ಫ್ರಾನ್ಸಿನ ಲಿಮೂಸಿನ್ ಸೀಮೆಯ ಆ ಹಳ್ಳಿಗೆ ಬಂದ ಮೂರನೆಯ ದಿನ, ಚರ್ಚಿನ ಮೆಟ್ಟಿಲ ಮೇಲೆ ಮೇಲ್ಬೀದಿಯ ಕ್ಲೆಮಾನ್ಸ್ ಅವಳನ್ನು ತಡೆದು ನಿಲ್ಲಿಸಿದಳು. ಮುಖ ನೋಡಲಿಲ್ಲ, ಕೈ ನೋಡಿದಳು.

"ಕೆಳಬೀದಿಯವರ ಸೊಸೆ ನೀನೇನಾ? ಹಂದಿ ಕೊಯ್ಯೋರ ಕೈ ಇದ್ದಂಗಿದೆ. ಈ ಕೈಗೆ ಸಂತರ ಕೀಲಿ ಬರುತ್ತಾ?"

"ಬಂದಾಗ ನೋಡೋಣ ಮದಾಮ್. ನಿಮ್ಮ ಕೈಯೇನು ಬೆಣ್ಣೇಲಿ ಮಾಡಿದ್ದಾ?"

ಅಲ್ಲಿಂದ ಮೂವತ್ತೊಂದು ವರ್ಷ ಅವರಿಬ್ಬರ ನಡುವೆ ಒಂದು ಒಳ್ಳೆಯ ಮಾತು ಹುಟ್ಟಲಿಲ್ಲ.

ಕ್ಲೆಮಾನ್ಸ್ ಮದುವೆಯಾಗಲಿಲ್ಲ. ಊರವರ ಬಟ್ಟೆ ಹೊಲಿದು ಬದುಕಿದಳು. ಅಳತೆ ತೆಗೆಯುವಾಗ ಟೇಪು ಬಿಗಿಯಾಗಿ ಎಳೆದು, "ತಿಂದಿದ್ದೆಲ್ಲ ಇಲ್ಲೇ ಕೂತಿದೆ" ಎನ್ನುತ್ತಿದ್ದಳು. ಅವಳ ಸೊಂಟದಲ್ಲಿ ಒಂದು ಕೀಲಿ ಸದಾ ತೂಗುತ್ತಿತ್ತು.

ಚರ್ಚಿನ ಗೋಡೆಯೊಳಗೆ ಕಬ್ಬಿಣದ ಜಾಲರಿಯ ಹಿಂದೆ ಸಂತ ಗೋತಿಯೆಯ ಅಸ್ಥಿಪೆಟ್ಟಿಗೆ ಇತ್ತು. ಪುಟ್ಟ ಮನೆಯ ಆಕಾರ, ತಾಮ್ರದ ತಗಡು, ಅದರ ಮೇಲೆ ಗಾಜಿನಂತೆ ಹೊಳೆಯುವ ನೀಲಿ ಮೀನಾಕಾರಿ ಮೆರುಗು; ಏಳುನೂರು ವರ್ಷ ಹಳೆಯದು. ಒಳಗೆ ಸಂತನ ಒಂದು ಬೆರಳಿನ ಮೂಳೆ. ಜಾಲರಿಗೆ ಎರಡು ಬೀಗ. ಒಂದರ ಕೀಲಿ ಮೇಲ್ಬೀದಿಯ ಕ್ಲೆಮಾನ್ಸಳ ಮನೆಯಲ್ಲಿ, ಇನ್ನೊಂದು ಕೆಳಬೀದಿಯಲ್ಲಿ ಸಿದೊನಿಯ ಗಂಡನ ಮನೆಯಲ್ಲಿ. ಏಳು ವರ್ಷಕ್ಕೊಮ್ಮೆ ಪೆಟ್ಟಿಗೆಯನ್ನು ಮೆರವಣಿಗೆಗೆ ತೆಗೆಯುವಾಗ ಪಾದ್ರಿ ಗಂಟೆ ಬಾರಿಸಬೇಕು. ಆ ಸದ್ದಿಗೆ ಎರಡೂ ಮನೆಯವರು ಎರಡು ಬಾಗಿಲುಗಳಿಂದ ಒಂದೇ ಸಲ ಒಳಗೆ ಕಾಲಿಡಬೇಕು. ಮೊದಲು ಬಂದು ಇನ್ನೊಬ್ಬರಿಗಾಗಿ ಕಾದು ನಿಂತರೆ ಆ ಮನೆ ಕೆಳಗಾಯಿತು ಎಂದೇ ಲೆಕ್ಕ. ಹಾಗೆ ಯಾರೂ ಎಂದೂ ಕಾದು ನಿಂತಿರಲಿಲ್ಲ.

ಗಂಡ ಸತ್ತ ಮೇಲೆ ಕೀಲಿ ಸಿದೊನಿಯ ಪಾಲಿಗೆ ಬಂತು. ಸಾವಿನ ಮನೆಯಲ್ಲೇ ಕ್ಲೆಮಾನ್ಸ್, "ತುಕ್ಕು ಹಿಡಿಸಬೇಡ" ಎಂದು ಹೇಳಿ ಹೋದಳು. ಸಂತಾಪದ ಮಾತು ಅಷ್ಟೇ.

ಮರುವರ್ಷ ಪಕ್ಕದ ಊರಿನ ಚರ್ಚಿನಲ್ಲಿ ಕಳ್ಳತನವಾಯಿತು. ನಗರದ ಮ್ಯೂಸಿಯಂನಿಂದ ಅಧಿಕಾರಿಯೊಬ್ಬ ಬಂದು ಕಡ್ಡಿ ಮುರಿದಂತೆ ಹೇಳಿದ: "ಗುರುವಾರ ಹತ್ತು ಗಂಟೆಗೆ ಬರ್ತೀನಿ. ಎರಡೂ ಬೀಗ ತೆಗೆದು, ಹಾಕಿ ತೋರಿಸಿ. ಗಟ್ಟಿ ಇದ್ರೆ ಪೆಟ್ಟಿಗೆ ಇಲ್ಲೇ ಇರ್ಲಿ. ಇಲ್ಲ ಅಂದ್ರೆ ನಾನು ಒಯ್ತೀನಿ."

ಗುರುವಾರ ಪಾದ್ರಿ ಬೇರೆ ಊರಿಗೆ ಮಣ್ಣಿಗೆ ಹೋಗಿದ್ದರು. ಗಂಟೆ ಬಾರಿಸುವವರಿಲ್ಲ.

ಹತ್ತಕ್ಕೆ ಕಾಲು ಗಂಟೆ ಇರುವಾಗಲೇ ಸಿದೊನಿ ಚರ್ಚಿನ ಎದುರಿನ ಬೇಕರಿಯೊಳಗೆ ನಿಂತಿದ್ದಳು, ಏಪ್ರನ್ನಿನ ಜೇಬಿನಲ್ಲಿ ಕೀಲಿ ಹಿಡಿದು. ಮೇಲ್ಬೀದಿಯಲ್ಲಿ ಕ್ಲೆಮಾನ್ಸಳ ಕಿಟಕಿಯ ಪರದೆ ಅಲ್ಲಾಡುವುದು ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಅವಳು ಇಳಿಯಲಿ, ಆಮೇಲೆ ನಾನು, ಅಂದುಕೊಂಡಳು. ಹನ್ನೊಂದಾಯಿತು. ಬೇಕರಿಯವಳು, "ಒಂದು ರೊಟ್ಟಿಗೆ ಇಷ್ಟು ಯೋಚನೆನಾ ಸಿದೊನಿ?" ಎಂದು ನಕ್ಕಳು. ಪರದೆ ಮತ್ತೆ ಅಲ್ಲಾಡಿತು. ಯಾರೂ ಇಳಿಯಲಿಲ್ಲ.

ಹನ್ನೆರಡಕ್ಕೆ ಅಧಿಕಾರಿ ಚರ್ಚಿನಿಂದ ಹೊರಬಂದು, ಗಡಿಯಾರ ನೋಡಿ, ಹೋದ. ಸೋಮವಾರ ಕಮ್ಮಾರನನ್ನು ಕರೆತಂದು ಜಾಲರಿ ಕೊಯ್ಯಿಸಿದ. ಮೂಳೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಪಾದ್ರಿಯ ಕೈಗಿಟ್ಟ. ಪೆಟ್ಟಿಗೆ ವ್ಯಾನು ಹತ್ತಿತು.

"ನಾನು ಕೀಲಿ ಹಿಡ್ಕೊಂಡು ತಯಾರಾಗಿದ್ದೆ, ಕೆಳಬೀದಿಯವಳೇ ಬರಲಿಲ್ಲ," ಎಂದು ಕ್ಲೆಮಾನ್ಸ್ ಊರೆಲ್ಲ ಸಾರಿದಳು.

"ಮರೆತೇಹೋಗಿತ್ತು. ಹೊಳೇಲಿ ಬಟ್ಟೆ ಒಗೀತಿದ್ದೆ," ಎಂದಳು ಸಿದೊನಿ. ಬೇಕರಿಯಲ್ಲಿ ಹೊಂಚು ಹಾಕಿ ನಿಂತಿದ್ದೆ ಎನ್ನುವುದಕ್ಕಿಂತ ಮರೆಗುಳಿ ಅನ್ನಿಸಿಕೊಳ್ಳುವುದು ವಾಸಿ. ಬೇಕರಿಯವಳೂ ಬಾಯಿ ಬಿಡಲಿಲ್ಲ. ಅವಳಿಗೆ ಇಬ್ಬರು ಗಿರಾಕಿಗಳೂ ಬೇಕಿತ್ತಲ್ಲ.

ಆಮೇಲೆ ಕ್ಲೆಮಾನ್ಸ್ ತಿಂಗಳಿಗೊಮ್ಮೆ ಬಸ್ಸು ಹತ್ತಿ ಮ್ಯೂಸಿಯಂಗೆ ಹೋಗುತ್ತಿದ್ದಳು. ಗಾಜಿನ ಮುಂದೆ ಸಾಯಂಕಾಲದವರೆಗೂ ನಿಂತು, ಕಾವಲುಗಾರನ ಜೊತೆ ಜಗಳವಾಡುತ್ತಿದ್ದಳು. "ಒಳಗೆ ಮೂಳೆ ಇಲ್ಲ, ಮುಂದೆ ದೀಪ ಇಲ್ಲ. ಟೀ ಡಬ್ಬಿ ಅಂದ್ಕೊಂಡ್ರಾ?" ಸೊಂಟದ ಕೀಲಿ ಮಾತ್ರ ಹಾಗೇ ಇತ್ತು, ಬೀಗವಿಲ್ಲದ ಕೀಲಿ.

ಏಳನೆಯ ವರ್ಷ ಮೆರವಣಿಗೆಗೆಂದು ಪೆಟ್ಟಿಗೆ ಒಂದು ದಿನದ ಮಟ್ಟಿಗೆ ಬಂತು. ಕೈಗವಸು ತೊಟ್ಟ ಇಬ್ಬರು ಹೊತ್ತಿದ್ದರು. ಯಾರ ಕೀಲಿಯೂ ಬೇಕಾಗಲಿಲ್ಲ. ಕ್ಲೆಮಾನ್ಸ್ ಆಗ ಹಾಸಿಗೆ ಹಿಡಿದಿದ್ದಳು. ಅವಳು ಹೇಳಿಕಳಿಸಿದ್ದಕ್ಕೆ ಸಿದೊನಿ ಹೋದಳು, ಬರಿಗೈಯಲ್ಲಿ.

"ಕೂತ್ಕೋಬೇಡ. ಹೆಚ್ಚು ಹೊತ್ತು ಹಿಡಿಯಲ್ಲ," ಎಂದಳು ಕ್ಲೆಮಾನ್ಸ್.

"ಕೂರೋಕೆ ನಾನೇನು ನೆಂಟಳಾ?"

ಕ್ಲೆಮಾನ್ಸ್ ದಿಂಬಿನಿಂದ ತಲೆ ಎತ್ತಿ ಕಿಟಕಿಯತ್ತ ನೋಡಿದಳು. ಪರದೆ ಸರಿಸಿತ್ತು. ಕೆಳಗೆ ಚರ್ಚಿನ ಬಾಗಿಲು, ಅದರ ಎದುರಿಗೆ ಬೇಕರಿ; ಒಳಗೆ ನಿಂತವರೂ ಕಾಣುತ್ತಿದ್ದರು.

"ಸಿದೊನಿ, ಆ ಗುರುವಾರ ನೀನು ನಿಜವಾಗ್ಲೂ ಬಟ್ಟೆ ಒಗೀತಿದ್ದೆಯಾ?"