ಇಳಿಯದೆ ದಾಟುವುದು

ಹೋದ ವಾರ ಅಣ್ಣಿಗೇರಿಯಲ್ಲಿ ಗದಗಿನ ಬಸ್ಸಿಗೆ ಕಾಯುತ್ತ ಒಂದು ಪಂಕ್ಚರ್ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯಲ್ಲಿ ನನಗೇನೂ ಕೆಲಸವಿರಲಿಲ್ಲ. ನೆರಳು ಅಲ್ಲಿತ್ತು, ಅಷ್ಟೆ. ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ನಿನ ವಾಸನೆ ಮೂಗಿಗೆ ಬಡಿಯಿತು. ಬಡಿದದ್ದೇ ತಡ, ನನಗೆ ನಿಂಗಪ್ಪ ಕಾಕಾನ ಕೆಮ್ಮು ಕೇಳಿಸಿದಂತಾಯಿತು. ಹುಬ್ಬಳ್ಳಿಯಲ್ಲಿ ಅವನ ಮನೆಯ ಗೋಡೆಗೆ ಹತ್ತಿಕೊಂಡು ಇಂಥದೇ ಒಂದು ಅಂಗಡಿ ಇತ್ತು. ಆ ವಾಸನೆ, ಈ ಕೆಮ್ಮು, ಎರಡೂ ಒಟ್ಟಿಗೇ ಬರುತ್ತಿದ್ದವು. ನಿಮಗೂ ಹೀಗಾಗುತ್ತಿರಬಹುದು: ಮರೆತೆವು ಎಂದುಕೊಂಡ ಮನುಷ್ಯರು ನೆನಪಿನ ಮುಂಬಾಗಿಲಿನಿಂದ ಬರುವುದೇ ಇಲ್ಲ. ಬಸ್ಸು ಬಂತು, ಹೋಯಿತು. ನಾನು ಅಲ್ಲೇ ನಿಂತಿದ್ದೆ.

ಕಾಕಾನ ಕಥೆ ನನ್ನ ಸೈಕಲ್ಲಿನಿಂದಲೇ ಶುರುವಾಗಬೇಕು. ನನಗೆ ಸೈಕಲ್ ಬರುತ್ತಿರಲಿಲ್ಲ ಎಂದು ತಿಳಿಯಬೇಡಿ. ನನ್ನ ತವರು ಅಣ್ಣಿಗೇರಿಯಿಂದ ನಾಲ್ಕು ಮೈಲಿ ದೂರದ ಹಳ್ಳಿ. ಹತ್ತು ವರ್ಷದವಳಿದ್ದಾಗಲೇ ಅಣ್ಣನ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ, ಒಂದು ಬದಿಗೆ ನೇತಾಡುತ್ತ ಕಲಿತವಳು ನಾನು. ನಮ್ಮ ಎರೆಮಣ್ಣಿನ ರಸ್ತೆಯಲ್ಲಿ ಶತ್ರು ಎಂದರೆ ಕೆಸರು ಒಂದೇ. ಮಳೆ ಬಿದ್ದ ದಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಗಚ್ಚಿನಂತೆ ಕೂತು, ನಾನು ಸೈಕಲ್ ಹತ್ತುವ ಬದಲು ಸೈಕಲ್ಲೇ ನನ್ನ ಹೆಗಲು ಹತ್ತುತ್ತಿತ್ತು. ಉಳಿದ ದಿನ ಎಮ್ಮೆ ನಡೆದಂತೆ ರಸ್ತೆಯ ನಟ್ಟನಡುವೆ ಹೋಗುತ್ತಿದ್ದೆ. ಎದುರಿಗೆ ಬಂದವರು ತಾವೇ ಸರಿಯುತ್ತಿದ್ದರು. ದೊಡ್ಡ ಮನೆಯ ಹುಡುಗಿ ಎಂದು ಸರಿಯುತ್ತಿದ್ದರೋ, ನನ್ನ ಹ್ಯಾಂಡಲ್ಲಿನ ಮೇಲೆ ಭರವಸೆಯಿಲ್ಲದೆ ಸರಿಯುತ್ತಿದ್ದರೋ, ಆಗ ಯೋಚಿಸಲಿಲ್ಲ.

ಹದಿನೈದು ವರ್ಷದ ಹಿಂದೆ, ನನಗೆ ಮೂವತ್ತಾರಾಗಿದ್ದಾಗ, ಹುಬ್ಬಳ್ಳಿಯ ಒಂದು ಸೇವಾಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಕ್ಷಯ ರೋಗಿಗಳ ಮನೆಗೆ ಹೋಗಿ, ಅವರು ಗುಳಿಗೆ ನುಂಗುವುದನ್ನು ಕಣ್ಣಾರೆ ನೋಡಿ, ಕಾರ್ಡಿನ ಮೇಲೆ ಸಹಿ ಮಾಡುವ ಕೆಲಸ. ಗುಳಿಗೆ ಕೊಟ್ಟು ಬರುವುದಲ್ಲ, ನುಂಗುವುದನ್ನು ನೋಡುವುದು. ಆ ಗುಳಿಗೆ ಹೊಟ್ಟೆ ತೊಳಸುತ್ತದೆ. ಕೆಮ್ಮು ಸ್ವಲ್ಪ ಇಳಿದ ಕೂಡಲೇ ಜನ ಬಿಟ್ಟುಬಿಡುತ್ತಾರೆ. ಬಿಟ್ಟರೆ ರೋಗ ಇಮ್ಮಡಿಯಾಗಿ ತಿರುಗಿಬರುತ್ತದೆ. ಓಣಿ ಓಣಿ ತಿರುಗಲು ಸಂಸ್ಥೆಯವರೇ ಸೈಕಲ್ ಕೊಟ್ಟರು. ಮುಂಜಾನೆ ಅಣ್ಣಿಗೇರಿಯಿಂದ ರೈಲು, ಸಂಜೆ ಮತ್ತೆ ರೈಲು, ನಡುವೆ ಸೈಕಲ್. "ಸೈಕಲ್ ಬರ್ತೈತೇನ್ರಿ?" ಎಂದು ಕೇಳಿದಾಗ ನಾನು ನಕ್ಕುಬಿಟ್ಟಿದ್ದೆ.

ಮೊದಲ ದಿನ ಒಂದು ದೊಡ್ಡ ಸರ್ಕಲ್ಲಿಗೆ ಬಂದೆ. ಐದು ಕಡೆಯಿಂದ ರಸ್ತೆ. ಎಡಕ್ಕೆ ಆಟೋ, ಬಲಕ್ಕೆ ಟೆಂಪೋ, ಬೆನ್ನಿಗೆ ಸಿಟಿ ಬಸ್ಸಿನ ಬಿಸಿಗಾಳಿ. ಇಲ್ಲಿ ಯಾರೂ ಸರಿಯಲಿಲ್ಲ. ಕೈ ಹ್ಯಾಂಡಲ್ಲಿಗೆ ಅಂಟಿಕೊಂಡಿತು. ನಟ್ಟನಡುವೆ ಒಂದು ಕಾಲು ಊರಿ ನಿಂತುಬಿಟ್ಟೆ. ಬಸ್ಸಿನ ಬಾಗಿಲಿನಿಂದ ಕಂಡಕ್ಟರ್ ಕೂಗಿದ: "ಬಾಯಾರ, ಸೈಕಲ್ ಹೊಡ್ಯಾಕ ಬಂದೀರೋ, ಪೂಜಿ ಮಾಡಾಕ ಬಂದೀರೋ?" ಇಡೀ ಬಸ್ಸು ನಕ್ಕಿತು. ಇಳಿದು ಅಂಚಿಗೆ ತಳ್ಳಿಕೊಂಡು ಬಂದೆ. ಅವತ್ತಿನಿಂದ ನಾಲ್ಕು ತಿಂಗಳು, ದನ ಹೊಡೆದುಕೊಂಡು ಹೋಗುವವರ ಹಾಗೆ, ಸೈಕಲ್ಲನ್ನು ಪಕ್ಕದಲ್ಲಿ ನಡೆಸಿಕೊಂಡು ಹುಬ್ಬಳ್ಳಿ ತಿರುಗಿದೆ. ಆಫೀಸು ಕಾಣುವ ತಿರುವಿನಲ್ಲಿ ಮಾತ್ರ ಹತ್ತಿ, ಗಂಟೆ ಬಾರಿಸುತ್ತ ಗೇಟಿನೊಳಗೆ ಹೋಗುತ್ತಿದ್ದೆ. ನಗು ಬಂದರೆ ನಗಿರಿ. ಇಲ್ಲಿಯವರೆಗೆ ಇದು ನಗುವ ಕಥೆಯೇ.

ನಿಂಗಪ್ಪ ಕಾಕಾ ಆ ಸರ್ಕಲ್ಲಿನ ಆಚೆ ಇದ್ದ. ಅರವತ್ತು ದಾಟಿದ ದರ್ಜಿ, ಒಂಟಿ ಮನುಷ್ಯ. ಹಳೆಯ ಕಾಲುಮಷಿನ್ ಮೇಲೆ ಓಣಿಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ. ನನ್ನ ಪಟ್ಟಿಯಲ್ಲಿ ಕೊನೆಯ ಮನೆ ಅವನದು. ನಡೆದು ನಡೆದು ಅಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನ ರೈಲಿನ ಹೊತ್ತಾಗುತ್ತಿತ್ತು. ಮೊದಮೊದಲು ಓಡಿದೆ. ಆಮೇಲೆ ಒಂದು ದಿನ, ವಾರದಲ್ಲಿ ಮೂರು ಸಲ ನುಂಗಿಸಬೇಕಾದ ಗುಳಿಗೆ ಒಟ್ಟಿಗೇ ಅವನ ಕೈಯಲ್ಲಿಟ್ಟು, "ತಪ್ಪದs ತಗೋಳ್ರಿ ಕಾಕಾ" ಎಂದೆ. "ಹೂಂನವ್ವಾ" ಎಂದ. ನೋಡಿದೆನೆಂದು ಮೂರು ಸಹಿ ಮಾಡಿದೆ. ಮುಂದಿನ ವಾರವೂ ಹಾಗೇ. ಸುಳ್ಳು ಸಹಿ ಮೊದಲ ಸಲ ಸೊಟ್ಟಗೆ ಬರುತ್ತದೆ. ಮೂರನೆಯ ಸಲ ಅಕ್ಷರ ದುಂಡಗೆ ಬರುತ್ತದೆ.

ಎರಡು ತಿಂಗಳಾದ ಮೇಲೆ ಅವನು ಮಷಿನ್ ಮುಂದೆಯೇ ರಕ್ತ ಕಾರಿಕೊಂಡು ಬಿದ್ದ. ಪಂಕ್ಚರ್ ಅಂಗಡಿಯವನು ಆಸ್ಪತ್ರೆಗೆ ಒಯ್ದ. ಕಾಕಾನ ಬಟ್ಟೆಬರೆ ತರಲು ಮನೆಗೆ ಹೋದವಳು ಕಸ್ತೂರಕ್ಕ. ನಮ್ಮ ಸಂಸ್ಥೆಯಲ್ಲಿ ಎಲ್ಲರಿಗಿಂತ ಹಳಬಳು ಆಕೆ. ಅಳ್ನಾವರದ ಕಡೆಯವಳು, ಐವತ್ತರ ಮೇಲಿನ ವಯಸ್ಸು, ಒಣಕಲು ಮೈ, ದೊಡ್ಡ ದನಿ. ಮರುದಿನ ನನ್ನನ್ನು ಆಫೀಸಿನ ಹಿತ್ತಲಿಗೆ ಕರೆದು, ಒಂದು ಗುಂಡಿಯ ಡಬ್ಬಿ ತೆರೆದು ತೋರಿಸಿದಳು. ಅಂಗಿಗೆ ಹಚ್ಚುವ ಗುಂಡಿಗಳ ನಡುವೆ ನಾನು ಕೊಟ್ಟ ಗುಳಿಗೆಗಳು, ಒಂದೂ ಕಡಿಮೆಯಾಗದೆ, ಹಾಗೇ ಇದ್ದವು.

"ಯಾಕ?" ಎಂದಳು.

"ಸರ್ಕಲ್ ದಾಟಾಕ ಅಂಜಿಕಿರಿ" ಎಂದೆ. ಆ ಮಾತು ನನ್ನ ಕಿವಿಗೇ ಎಷ್ಟು ಸಣ್ಣದಾಗಿ ಕೇಳಿತೆಂದರೆ, ಹೇಳಿದ ಮೇಲೆ ಅಳು ಬಂತು.

ಆಕೆ ಸಮಾಧಾನ ಮಾಡಲಿಲ್ಲ. "ಅಳೂದು ಆಮ್ಯಾಲೆ. ನಮ್ಮ ಸಂಸ್ಥೆ ಡಾಕ್ಟರ ಮುಂದ ನೀನs ಹೇಳಬೇಕು, ನಾ ಹೇಳಂಗಿಲ್ಲ. ಹೇಳಿ ನೌಕರಿ ಉಳೀತಂದ್ರ ನಾಳೆ ಮುಂಜಾನಿ ಮೊದಲನೇ ಗಾಡಿಗೆ ಬಾ. ಸೈಕಲ್ ತಗೊಂಡು ನಿಂತಿರ್ತೀನಿ."

ಹೇಳಿದೆ. ಡಾಕ್ಟರು ನನ್ನ ಸಹಿಗಳನ್ನು ಒಂದೊಂದಾಗಿ ನೋಡಿದರು. ಕೊನೆಗೆ, "ಮತ್ತ ಮೊದಲಿಂದ ಎಂಟು ತಿಂಗಳು ಗುಳಿಗಿ ತಗೋಬೇಕು ಅಂವ. ಒಂದು ದಿನ ತಪ್ಪಿದ್ರೂ ನೀವು ಇಲ್ಲಿ ಇರಂಗಿಲ್ಲ" ಎಂದರು.

ಹೀಗೆ ಮೂವತ್ತಾರನೆಯ ವಯಸ್ಸಿನಲ್ಲಿ ನಾನು ಎರಡನೆಯ ಸಲ ಸೈಕಲ್ ಕಲಿಯತೊಡಗಿದೆ. ಮೊದಲ ವಾರ ಅಂಗಡಿ ತೆರೆಯುವ ಮುಂಚೆ ಖಾಲಿ ರಸ್ತೆ. ಎರಡನೆಯ ವಾರ ಶಾಲೆಯ ಗಾಡಿಗಳ ಹೊತ್ತು. ನಾನು ಮುಂದೆ, ಆಕೆ ಹಿಂದೆ. ಹಿಂದಿನಿಂದ ಆ ದನಿ ಹಾರ್ನುಗಳನ್ನೆಲ್ಲ ಮೀರಿ ಬರುತ್ತಿತ್ತು: "ಗಾಲಿ ನೋಡಬ್ಯಾಡಲೇ, ಡ್ರೈವರನ ಕಣ್ಣು ನೋಡು! ಅಂವಾ ನಿನ್ನ ನೋಡ್ಯಾನೋ ಇಲ್ಲೋ ತಿಳಕೋ!" "ಕೈ ಪೂರಾ ಚಾಚು! ಬೇಡೋರ್ಹಂಗ ಚಾಚಬ್ಯಾಡ, ಹೇಳೋರ್ಹಂಗ ಚಾಚು!" ನಾನು ಅಂಚಿಗೆ ಅಂಚಿಗೆ ಸರಿದರೆ ಬೈಯುತ್ತಿದ್ದಳು. ಒಂದು ದಿನ ಹಾಗೆ ಸರಿದು ಪೇರಲಹಣ್ಣಿನ ತಳ್ಳುಗಾಡಿಯ ಮೇಲೆಯೇ ಬಿದ್ದೆ. "ಹಣ್ಣು ಬೇಕಾದ್ರ ಕೇಳಿ ತಗೋರಿ ಅಕ್ಕಾರ, ಮ್ಯಾಲೆ ಬೀಳಬ್ಯಾಡ್ರಿ" ಎಂದು ಗಾಡಿಯಾಕೆ ನನ್ನನ್ನು ಎತ್ತಿ ನಿಲ್ಲಿಸಿದಳು.

ಮೂರನೆಯ ವಾರ ಸರ್ಕಲ್. ಹತ್ತು ಗಂಟೆ, ತುಂಬಿದ ರಸ್ತೆ. ಅದೇ ಜಾಗಕ್ಕೆ ಬಂದದ್ದೇ ಕಾಲು ತಾನಾಗಿ ನೆಲಕ್ಕಿಳಿಯಿತು. ಕಸ್ತೂರಕ್ಕ ತಾನೂ ಇಳಿದು ಚಹಾದ ಅಂಗಡಿಗೆ ಕರೆದುಕೊಂಡು ಹೋದಳು. ಅರ್ಧ ಕಪ್ಪು ಮುಗಿದ ಮೇಲೆ ಹೇಳಿದಳು:

"ನಮ್ಮೂರಾಗ ಒಂದು ಓಣಿ ಇತ್ತು. ಆ ಓಣಿ ಬಂತಂದ್ರ ನಮ್ಮ ಮಂದಿ ಸೈಕಲ್ ಇಳದು ನೂಕಿಕೊಂಡು ಹೋಗಬೇಕು. ಚಪ್ಪಲಿ ಕೈಯಾಗ. ನಮ್ಮಪ್ಪ ಪೋಸ್ಟಿನ ಕೆಲಸದಾಗಿದ್ದ. ಆ ಓಣಿಯವರಿಗೆ ಬಂದ ಕಾಗದಾನ ಕೊಡಾಕ ಹೋದ್ರೂ ಇಳೀಬೇಕು. ನಾ ಹೈಸ್ಕೂಲಿಗೆ ಹೋಗೂ ಮುಂದ ಒಮ್ಮೆ ಇಳೀಲಿಲ್ಲ. ಸಂಜೀಕ ನಮ್ಮಪ್ಪನ್ನ ಕರಿಸಿ, ಎಲ್ಲಾರ ಮುಂದ ಕೈ ಮುಗಿಸಿದ್ರು." ಕಪ್ಪು ಕೆಳಗಿಟ್ಟಳು. "ಹುಬ್ಬಳ್ಳಿಗೆ ಬಂದ ದಿನ ಈ ಸರ್ಕಲ್ ನೋಡಿದೆ. ಗದ್ದಲ, ಧೂಳಿ, ಬೈಗಳ. ಆದ್ರ ಇಲ್ಲಿ ನನಗ ಇಳಿ ಅನ್ನೋರು ಯಾರೂ ಇಲ್ಲ. ನಿನಗೂ ಯಾರೂ ಅಂದಿಲ್ಲ. ನೀ ಯಾಕ ಇಳೀತಿ?"

ನನಗೆ ನೆನಪಾದದ್ದು ಬೇರೆ. ನಮ್ಮ ಹಳ್ಳಿಯಲ್ಲಿ, ನಮ್ಮ ಅಜ್ಜನ ಕಟ್ಟೆಯ ಮುಂದೆ, ಕೆಲವರು ಸೈಕಲ್ ಇಳಿದು ತಲೆ ಬಗ್ಗಿಸಿ ನಡೆದು ಹೋಗುತ್ತಿದ್ದರು. ಕಟ್ಟೆಯ ಮೇಲೆ ಕುಳಿತು ಶೇಂಗಾ ತಿನ್ನುತ್ತ ನಾನು ಅದನ್ನು ದಿನವೂ ನೋಡಿದ್ದೆ. ಅಜ್ಜನ ಮೇಲೆ ಎಷ್ಟು ಗೌರವ ಎಂದುಕೊಂಡಿದ್ದೆ. ಆ ಮಾತನ್ನು, ಕಪ್ಪಿನಲ್ಲಿ ಉಳಿದಿದ್ದ ಚಹಾದ ಜೊತೆ, ನುಂಗಿದೆ.

ಮರುದಿನ ದಾಟಿದೆ. ಖುಷಿಯಾಯಿತು ಎಂದರೆ ಸುಳ್ಳು. ಬಸ್ಸಿನ ಡ್ರೈವರನ ಕಣ್ಣು ನೋಡಿದೆ, ಕೈ ಪೂರಾ ಚಾಚಿದೆ, ಬಸ್ಸು ನಿಂತಿತು. ಆಚೆ ಹೋಗಿ ನಿಲ್ಲದೆ ನೇರ ನಿಂಗಪ್ಪ ಕಾಕಾನ ಮನೆಗೆ ಹೋದೆ. ಆಸ್ಪತ್ರೆಯಿಂದ ಬಂದು ಹೊರಸಿನ ಮೇಲೆ ಮಲಗಿದ್ದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ಚೀಲದಿಂದ ಗುಳಿಗೆ ತೆಗೆಯುತ್ತಿರುವಾಗಲೇ ಅವನೇ ಮಾತಾಡಿದ:

"ನುಂಗಲಾರದ್ದು ನನ್ನ ತಪ್ಪು. ನೋಡಲಾರದ್ದು ನಿನ್ನ ತಪ್ಪು. ಅರ್ಧರ್ಧ ಹಂಚಿಕೊಳ್ಳೂಣು. ಕೊಡು, ನೀರು ತಾ."

ಎಂಟು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಅವನ ಗಂಟಲಿನ ಗಂಟು ಮೇಲೆ ಹೋಗಿ ಕೆಳಗಿಳಿಯುವುದನ್ನು ನೋಡಿಯೇ ಸಹಿ ಮಾಡಿದೆ. ರೋಗ ಹೋಯಿತು. ಆದರೆ ಎದೆಯಲ್ಲಿ ಅರ್ಧ ಉಸಿರು ಮಾತ್ರ ಉಳಿಯಿತು. ಕಾಲುಮಷಿನ್ ತುಳಿಯಲು ಅದು ಸಾಲುತ್ತಿರಲಿಲ್ಲ. ಮಷಿನ್ ಮಾರಿದ. ಆಮೇಲೆ ಅಂಗಿಗಳಿಗೆ ಗುಂಡಿ ಹಚ್ಚಿಕೊಡುತ್ತ ನಾಲ್ಕು ವರ್ಷ ಬದುಕಿದ. ಆ ಅರ್ಧ ಉಸಿರಿನಲ್ಲಿ ನನ್ನ ಪಾಲು ಎಷ್ಟು ಎಂದು ಅವನು ಎಂದೂ ಕೇಳಲಿಲ್ಲ. ನಾನು ಕೇಳಿಕೊಳ್ಳುತ್ತೇನೆ.

ಕಸ್ತೂರಕ್ಕ ನಿವೃತ್ತಳಾಗಿ ತನ್ನ ಊರಿಗೆ ಹೋದಳು. ನಾನೂ ಆ ಕೆಲಸ ಬಿಟ್ಟು ಅಣ್ಣಿಗೇರಿಯಲ್ಲೇ ಉಳಿದೆ. ಫೋನಿನಲ್ಲಿ ಆಗಾಗ ಮಾತಾಡಿದೆವು. ಹೇಳಬೇಕಾದ ಒಂದು ಮಾತು ಮಾತ್ರ ಪ್ರತಿ ಸಲವೂ ಉಳಿಯುತ್ತಿತ್ತು. ಪಂಕ್ಚರ್ ಅಂಗಡಿಯ ಮುಂದೆ ಬಸ್ಸು ಬಿಟ್ಟ ದಿನ ಅದು ಇನ್ನು ತಡೆಯದು ಅನ್ನಿಸಿತು. ಮೊನ್ನೆ ಭಾನುವಾರ ರೈಲು ಹತ್ತಿ ಅಳ್ನಾವರಕ್ಕೆ ಹೋದೆ, ಅಲ್ಲಿಂದ ಆಕೆಯ ಊರಿಗೆ. ಗೋಡೆಯ ಮೇಲೆ ಬುದ್ಧನ ಪಟ, ಅಂಗಳದಲ್ಲಿ ಗೋವಿನಜೋಳದ ತೆನೆಯ ರಾಶಿ. ಕಸ್ತೂರಕ್ಕ ಕಾಳು ಬಿಡಿಸುತ್ತ ಕುಳಿತಿದ್ದಳು.

ಚಹಾ ಆಯಿತು, ಕ್ಷೇಮ ಸಮಾಚಾರ ಆಯಿತು. ಆಮೇಲೆ ಹೇಳಿದೆ: "ಅಕ್ಕಾ, ಅಂಥಾ ಓಣಿ ನಮ್ಮೂರಾಗೂ ಇತ್ರಿ. ಅದು ನಮ್ಮ ಓಣಿ. ಇಳೀತಿದ್ದದ್ದು ನಮ್ಮ ಮನಿ ಮುಂದ."

ಆಕೆಯ ಕೈ ನಿಲ್ಲಲಿಲ್ಲ. "ಗೊತ್ತಿತ್ತು" ಎಂದಳು. "ನಿನ್ನ ತವರುಮನಿ ಅಡ್ಡಹೆಸರು ಕೇಳಿದ ದಿನಾನs ಗೊತ್ತಾತು."

"ಗೊತ್ತಿದ್ದೂ ನನಗ ಕಲಿಸಿದ್ರಿ?"

"ಗುಳಿಗಿ ಕಾಕಾನ ಮನಿ ಮುಟ್ಟಬೇಕಾಗಿತ್ತಲ್ಲ."

ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ನಾಲ್ಕು ತೆನೆ ನನ್ನ ಕಡೆ ತಳ್ಳಿ, "ಸುಮ್ಮ ಕುಂತು ಏನ್ ಮಾಡ್ತಿ, ಬಿಡಸು" ಎಂದಳು. ಬಿಸಿಲು ಅಂಗಳದಿಂದ ಜಾರುವವರೆಗೆ ಇಬ್ಬರೂ ಕಾಳು ಬಿಡಿಸಿದೆವು. ನನಗೆ ರೂಢಿ ತಪ್ಪಿತ್ತು. ಎರಡು ದಿನವಾಯಿತು, ಇದನ್ನು ಬರೆಯುತ್ತಿರುವ ಬೆರಳು ಇನ್ನೂ ಉರಿಯುತ್ತಿದೆ.