ಹತ್ತಿಯ ಮೆತ್ತೆ

ಅಂಗಡಿಯೊಳಗೆ ಎಲ್ಲಿಯಾದರೂ ಬಿಳಿ ಹತ್ತಿ ಹಾಸಿರುವುದನ್ನು ಕಂಡರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಮೊನ್ನೆ ರಾಮನಗರದಲ್ಲಿ ಹಾಗೇ ಆಯಿತು. ನಮ್ಮ ಮನೆಗೆ ಹತ್ತಿರದಲ್ಲೇ ಒಂದು ದೊಡ್ಡ ಅಂಗಡಿ ಬಂದಿದೆ. ಅಡುಗೆಯ ಉಪ್ಪಿನಿಂದ ಹಿಡಿದು ಉಡುವ ಬಟ್ಟೆಯವರೆಗೆ ಎಲ್ಲ ಒಂದೇ ಸೂರಿನ ಕೆಳಗೆ. ರಸ್ತೆಯಲ್ಲಿ ಮಳೆಗಾಲದ ಕೆಸರು ಇನ್ನೂ ಒಣಗಿರಲಿಲ್ಲ, ಆಗಲೇ ಅವರು ಬಾಗಿಲಿಗೆ ಕೆಂಪು ನಕ್ಷತ್ರ ಕಟ್ಟಿ, ಕ್ರಿಸ್‌ಮಸ್ ಹಬ್ಬಕ್ಕೆ ಮುಂಚಿತವಾಗಿ ಕೊಳ್ಳುವವರಿಗೆ ಅರ್ಧ ಬೆಲೆ ಎಂದು ಬೋರ್ಡು ಹಾಕಿದ್ದರು. ನಾವೇನು ಆ ಹಬ್ಬ ಮಾಡುವವರಲ್ಲ. ಆದರೆ ಅರ್ಧ ಬೆಲೆಗೆ ಯಾವ ಜಾತಿ, ಹೇಳಿ.

ಜೊತೆಯಲ್ಲಿ ಮೊಮ್ಮಗಳಿದ್ದಳು. ಅವಳ ವಿಷಯ ತೆಗೆದರೆ ನಾನು ನಿಲ್ಲಿಸುವುದಿಲ್ಲ ಎಂದು ನಮ್ಮ ಬೀದಿಯವರು ಈಚೆಗೆ ನನ್ನನ್ನು ಕಂಡರೆ ಆಚೆ ಬದಿಗೆ ದಾಟಿಕೊಳ್ಳುತ್ತಾರೆ. ದಾಟಲಿ, ಈಗ ನೀವು ಸಿಕ್ಕಿದ್ದೀರಿ. ಮಗನಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ನಾನು ಹರಕೆ ಹೊರುವುದನ್ನೂ ಬಿಟ್ಟಮೇಲೆ ಹುಟ್ಟಿದವಳು. ನಕ್ಕರೆ ಮೇಲಿನ ಹಲ್ಲುಗಳು ಜಗಲಿಗೆ ಬಂದು ಸಾಲಾಗಿ ಕೂತ ಹಾಗೆ ಕಾಣುತ್ತವೆ. ಕಾಗೆಯನ್ನು ಕಂಡರೆ ‘ಬಾ’ ಎನ್ನುತ್ತಾಳೆ, ನಾಯಿಯನ್ನು ಕಂಡರೆ ‘ಬಾ’ ಎನ್ನುತ್ತಾಳೆ, ಕರೆಂಟ್ ಬಿಲ್ಲು ಕೊಡಲು ಬಾಗಿಲಲ್ಲಿ ನಿಂತವನಿಗೂ ‘ಬಾ, ಕೂಕೋ’ ಎಂದು ನೆಲ ತಟ್ಟಿ ತೋರಿಸುತ್ತಾಳೆ. ಯಾರನ್ನು ಕಂಡರೂ ಕೂರಿಸಬೇಕು ಅವಳಿಗೆ. ಈ ಬುದ್ಧಿ ಯಾರದ್ದು ಬಂತೋ ಎಂದು ಸೊಸೆ ನಗುತ್ತಾಳೆ. ಯಾರದ್ದೆಂದು ನನಗೆ ಗೊತ್ತು. ಅದೇ ನಾನು ಹೇಳಹೊರಟಿರುವುದು.

ಆ ಅಂಗಡಿಯ ಮೂಲೆಯಲ್ಲಿ ಹಸಿರು ಪ್ಲಾಸ್ಟಿಕ್ ಮರ ನಿಲ್ಲಿಸಿ, ಬುಡಕ್ಕೆಲ್ಲ ಹಿಮ ಬಿದ್ದ ಹಾಗೆ ಬಿಳಿ ಹತ್ತಿ ಹರಡಿದ್ದರು. ಮಗು ನೋಡಿದ್ದೇ ತಡ, ನನ್ನ ಬೆರಳು ಬಿಡಿಸಿಕೊಂಡು ಓಡಿಹೋಗಿ ಹತ್ತಿಯ ನಟ್ಟನಡುವೆ ಧೊಪ್ಪನೆ ಕೂತುಬಿಟ್ಟಿತು. ಅವಳು ಕೂತದ್ದನ್ನು ಪೂರ್ತಿ ಹೇಳಬೇಕಾದರೆ ಮೊದಲು ನಾವು ಕೂತದ್ದನ್ನು ಹೇಳಬೇಕು. ಇದುವರೆಗೆ ಯಾರಿಗೂ ಹೇಳಿಲ್ಲ, ಹೆತ್ತ ಮಗನಿಗೂ.

ನಾವು ಹೊಂಗನೂರಿನ ಕಡೆಯವರು. ಹಿಪ್ಪುನೇರಳೆ ತೋಟ, ಮನೆಯ ತುಂಬ ರೇಷ್ಮೆ ಹುಳ. ಗೂಡು ಮಾರಿ ಕೈ ಒಸಿ ಹಸನಾದಾಗ ಬಟ್ಟೆ ತೆಗೆಯಲು ಚನ್ನಪಟ್ಟಣಕ್ಕೆ ಹೋಗುತ್ತಿದ್ದೆವು. ಆಗಿನ ಬಟ್ಟೆ ಅಂಗಡಿಗಳನ್ನು ನೀವು ನೋಡಿದ್ದೀರೋ ಇಲ್ಲವೋ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಒಳಗೆ ಗೋಡೆಯಿಂದ ಗೋಡೆಗೆ ಮೆತ್ತೆ, ಮೇಲೆ ಹಾಲಿನಂಥ ಬಿಳಿ ಹಾಸು. ಹೋಗಿ ಅದರ ಮೇಲೆ ಚಕ್ಕಂಬಕ್ಕಲ ಹಾಕಿ ಕೂರಬೇಕು. ಕೂತರೇನೇ ಗಿರಾಕಿ. ನಿಂತವನು ದಾರಿಹೋಕ, ಅವನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕೂತಮೇಲೆ ಅಂಗಡಿಯ ಶೆಟ್ಟರು ತಾವೇ ಬಂದು ಎದುರಿಗೆ ಕೂತು, “ಏನ್ ತೋರಿಸ್ಲಿ ತಾಯಿ?” ಎಂದು ಕೇಳುತ್ತಿದ್ದರು. ಮೂರನೇ ಕ್ಲಾಸಿಗೆ ಸ್ಲೇಟು ಮೂಲೆಗಿಟ್ಟು ಹುಳಕ್ಕೆ ಸೊಪ್ಪು ಹಾಕಲು ನಿಂತವಳು ನಾನು. ಆ ಒಂದು ಮಾತಿಗೆ ಅರಮನೆಯವಳಾಗಿಬಿಡುತ್ತಿದ್ದೆ.

ನಮ್ಮ ಯಜಮಾನರಂತೂ ಕೂರುವುದರಲ್ಲಿ ಬಲು ಗಟ್ಟಿಗರು. ಯಾರ ಮನೆಯ ಜಗಲಿಯಾದರೂ ಸರಿ, ಯಾರ ಮದುವೆಯ ಚಪ್ಪರವಾದರೂ ಸರಿ, ತಮಗಾಗಿಯೇ ಹಾಸಿದ್ದಾರೆ ಎನ್ನುವ ಹಾಗೆ ಹೋಗಿ ಕೂರುತ್ತಿದ್ದರು. ತಾವು ಕೂತರೆ ಸಾಲದು, ನಿಂತವರನ್ನೂ ಕರೆಯಬೇಕು. “ಬಾರ್ಲಾ, ಕುಂತ್ಕೊ. ನಿಂತ್ಕಂಡು ಯಾರ್ ಮನೆ ಕಾಯ್ತಿದ್ದೀಯಾ?” ಬಟ್ಟೆ ಅಂಗಡಿಯಲ್ಲಿ ಅವರದು ಚೌಕಾಸಿಯೇ ಅಲ್ಲ, ಬರೀ ಕೂರುವುದು. ಟವಲನ್ನು ತೊಡೆಯ ಮೇಲೆ ಹಾಕಿಕೊಂಡು, “ಶೆಟ್ರೇ, ನಂಗೇನ್ ಅರ್ಜೆಂಟಿಲ್ಲ, ಕುಂತಿವ್ನಿ” ಎನ್ನುವರು. ಶೆಟ್ಟರು ಒಳ್ಳೆಯ ಮಾತಿನಲ್ಲಿ ಬೆಲೆ ಇಳಿಸುವವರೆಗೂ ಊರಿನ ಮಳೆ ಬೆಳೆಯ ಸಮಾಚಾರ. ನನಗೆ ಆಗಲೂ ಒಸಿ ನಾಚಿಕೆಯೇ. ಆದರೆ ಸೀರೆ ಮಾತ್ರ ಒಳ್ಳೆಯದೇ ಸಿಗುತ್ತಿತ್ತು.

ಮಗ ಆಗ ಎರಡು ವರ್ಷದವನು. ಚಳಿ ಬಿತ್ತೆಂದರೆ ಅವನ ಎದೆ ಗೊರಗೊರ ಎನ್ನುತ್ತಿತ್ತು, ಪಕ್ಕೆ ಒಳಕ್ಕೆ ಹೋಗಿ ಬರುತ್ತಿತ್ತು. ಹಿಂದಿನ ಚಳಿಗಾಲದಲ್ಲಿ ಒಂದು ಸಲ ಕೈ ಬಿಟ್ಟೇ ಹೋಯಿತೆಂದು ಅತ್ತೆ ಗೋಳಾಡಿದ್ದರು. ಕಂಬಳಿ ಹೊದಿಸಿದರೆ ಚುಚ್ಚುತ್ತದೆಂದು ಕಿತ್ತು ಎಸೆಯುವನು. ಚನ್ನಪಟ್ಟಣದ ಆಸ್ಪತ್ರೆಯಲ್ಲಿ ಕನಕಪುರದ ಕಡೆಯ ಒಬ್ಬ ನರ್ಸಮ್ಮ ಇದ್ದರು. ಕ್ರೈಸ್ತರು. ಮಗುವಿನ ಎದೆಗೆ ಕಿವಿಯಿಟ್ಟು ಕೇಳಿ ಬೈದರು.

“ಹಳೇ ಸೀರೆ ಸುತ್ಕೊಂಡು ಬಂದಿದ್ದೀಯಲ್ಲಮ್ಮಾ, ಔಷ್ಧಿ ಕುಡಿಸಿದ್ರೆ ಸಾಕಾ? ಮೆತ್ತನೆ ಉಣ್ಣೆ ಹಾಕ್ಬೇಕು ಇವನಿಗೆ. ಬೆಂಗಳೂರಲ್ಲಿ ದಂಡಿನ ಕಡೆ, ಕಂಟೋನ್ಮೆಂಟಲ್ಲಿ, ದೊಡ್ಡ ಅಂಗಡಿ ಇದೆ, ನಮ್ ಹಬ್ಬಕ್ಕೆ ಮುಂಚೆ ಕಮ್ಮಿ ಬೆಲೆಗೆ ಕೊಡ್ತಾರೆ. ಹಬ್ಬ ಹತ್ರ ಬಂದ್ರೆ ಏನೂ ಉಳಿಯಲ್ಲ. ಈ ವಾರಾನೇ ಹೋಗಿ.”

ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಬೆಳಗಿನ ರೈಲು ಹತ್ತಿದೆವು. ಯಜಮಾನರು ಒಗೆದ ಪಂಚೆ, ಬಿಳಿ ಶರಟು, ಹೊಸ ಟವಲು. ನಾನು ಮದುವೆಯ ಸೀರೆ. ರೈಲಿನಲ್ಲಿ ಪಕ್ಕದವರಿಗೆಲ್ಲ ಅವರು ಹೇಳಿದ್ದೇ ಹೇಳಿದ್ದು: “ದಂಡಿಗ್ ಹೋಯ್ತಾ ಇವ್ನಿ. ಮಗೀಗೆ ಉಣ್ಣೆದು ತರಕ್ಕೆ.”

ಅಂಗಡಿಯ ಬಾಗಿಲು ಗಾಜಿನದು. ನೆಲ ನಮ್ಮ ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಸಹಜವಾಗಿ ಇಬ್ಬರೂ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟೆವು. ಕಾವಲಿನವನು ಕೈಯಾಡಿಸಿ ತಮಿಳಿನಲ್ಲಿ ಏನೋ ಹೇಳಿದ. “ಬನ್ನಿ ಅಂತಾವ್ನೆ, ಬಾರಮ್ಮಿ” ಎಂದರು ಇವರು. ಒಳಗೆ ಹೊಸ ಉಣ್ಣೆಯ ವಾಸನೆ, ನುಸಿಗುಂಡಿನ ವಾಸನೆ, ಎಲ್ಲಿಂದಲೋ ಬೇಯಿಸಿದ ಸಿಹಿಯ ವಾಸನೆ. ಜನವೋ ಜನ. ಆದರೆ ಎಲ್ಲರೂ ನಿಂತೇ ಇದ್ದರು! ಒಡವೆ ಹಾಕಿಕೊಂಡ ಹೆಂಗಸರೂ ನಿಂತೇ ಇದ್ದರು. ಇವರು ನನ್ನ ಕಿವಿಯಲ್ಲಿ, “ಪಾಪ, ಯಾರೂ ತಗಳ್ಳವ್ರಲ್ಲ ಕಣಮ್ಮಿ, ಸುಮ್ಕೆ ನೋಡಕ್ ಬಂದವ್ರೆ” ಎಂದರು.

ರಸ್ತೆಯ ಕಡೆಗೆ ಆಳೆತ್ತರದ ಗಾಜು. ಅದಕ್ಕೆ ಹೊಂದಿಕೊಂಡಂತೆ ಮೊಣಕಾಲೆತ್ತರದ ಜಗಲಿ, ಜಗಲಿಯ ತುಂಬ ಬಿಳಿ ಬಿಳಿ ಹತ್ತಿ. ಒಂದು ಕಡೆ ಬಲ್ಬು ಸುತ್ತಿದ ಪುಟ್ಟ ಮರ, ಮಣ್ಣಿನ ಹಸು, ಕುರಿ, ಕೈಮುಗಿದ ಗೊಂಬೆಗಳು. ಇವರ ಮುಖ ಅರಳಿತು. “ಅಗೋ, ಅಲ್ಲೈತೆ ಮೆತ್ತೆ. ನೋಡು, ದಸರಾ ಯಾವಾಗ್ಲೋ ಮುಗೀತು, ಇನ್ನೂವೆ ಗೊಂಬೆ ಎತ್ತಿಲ್ಲ ಇವ್ರು.” ಜಗಲಿ ಏರಿ ಕೂತರು. ಒಂದು ಕುರಿಯನ್ನು ನಾಜೂಕಾಗಿ ಪಕ್ಕಕ್ಕೆ ಸರಿಸಿ ನನಗೂ ಜಾಗ ಮಾಡಿದರು. “ಕುಂತ್ಕೊ. ದೊಡ್ಡ ಅಂಗ್ಡಿ ಅಂದ್ರೆ ದೊಡ್ಡ ಅಂಗ್ಡೀನೇ ಕಣಮ್ಮಿ, ಯಾನ್ ಮೆತ್ತಗೈತೆ!”

ಕೂತೆ. ಸೆರಗು ಸರಿಮಾಡಿಕೊಂಡು, ಈಗ ಯಾರು ಬಂದು ‘ಏನ್ ತೋರಿಸ್ಲಿ’ ಎಂದು ಕೇಳುತ್ತಾರೋ ಎಂದು ಕಾದೆ. ಗಾಜಿನ ಆಚೆ ರಸ್ತೆಯಲ್ಲಿ ಒಬ್ಬರು ನಿಂತರು, ಇಬ್ಬರು ನಿಂತರು. ಗುಂಪಾಯಿತು. ಒಂದು ಮಗು ಗಾಜಿಗೆ ಮೂಗು ಒತ್ತಿ ಕೈ ಬೀಸಿತು. ನಾನೂ ಬೀಸಿದೆ. ಜನ ಗೊಳ್ಳೆಂದರು. “ಸಿಟಿಯೋರ್ಗೆ ಯಾನೂ ಕೇಮೆ ಇಲ್ಲ” ಎಂದರು ಇವರು.

ಅಷ್ಟರಲ್ಲಿ ಟೈ ಕಟ್ಟಿದವನೊಬ್ಬ ಓಡುತ್ತಾ ಬಂದು ಇಂಗ್ಲಿಷಿನಲ್ಲಿ ಗದರಿದ. ಇವರು ನಗುನಗುತ್ತಲೇ ಹೇಳಿದರು, “ಎಳೇ ಮಗೀಗೆ ಉಣ್ಣೆದು ತೋರ್ಸಪ್ಪ. ಒಳ್ಳೇದೇ ತಗಿ. ನಂಗೇನ್ ಅರ್ಜೆಂಟಿಲ್ಲ, ಕುಂತಿವ್ನಿ.”

“ಏಯ್, ಮೇಲೇಳಯ್ಯಾ! ಅದು ಷೋಕೇಸು! ಕೂತ್ಕೊಂಡು ಬೀಡಿ ಸೇದೋಕೆ ನಿಮ್ಮೂರ ಅರಳೀಕಟ್ಟೆ ಅಂದ್ಕೊಂಡ್ಯಾ?”

ಅಂಗಡಿಗೆ ಅಂಗಡಿಯೇ ತಿರುಗಿ ನೋಡಿತು. ಇವರು ಬೀಡಿ ಮುಟ್ಟಿದವರೇ ಅಲ್ಲ. ಅದನ್ನು ಹೇಳದೆ, ಬಹಳ ಮೆಲ್ಲಗೆ ಕೇಳಿದರು, “ಮತ್ತೆ... ಎಲ್ ಕೂರದು ಸೋಮಿ?”

“ಇಲ್ಲಿ ಯಾರೂ ಕೂರಲ್ಲ.”

ಎದ್ದೆವು. ಪಂಚೆಯ ಹಿಂದೆ, ಟವಲಿಗೆ, ಮೊಣಕೈಗೆ, ನನ್ನ ಸೀರೆಯ ಜರಿಗೆ ಎಲ್ಲೆಲ್ಲೂ ಹತ್ತಿ. ಒಳ್ಳೆ ಪುಕ್ಕ ಕೀಳುವಾಗ ತಪ್ಪಿಸಿಕೊಂಡ ಕೋಳಿಗಳ ಹಾಗೆ ಕಾಣುತ್ತಿದ್ದೆವು. ಇವರು ಯಾರ ಮುಖವನ್ನೂ ನೋಡದೆ ನೆಟ್ಟಗೆ ಬಾಗಿಲಿಗೆ ನಡೆದರು. ನಾನು ಹಿಂದೆ. ದಾರಿಯಲ್ಲಿ ಒಂದು ಬುಟ್ಟಿಯ ತುಂಬ ಪುಟ್ಟ ಪುಟ್ಟ ಸ್ವೆಟರುಗಳು. ನಾವು ಬಂದದ್ದು ಅದಕ್ಕೇ. ಮೇಲಿದ್ದ ನೀಲಿಯದನ್ನು ಮುಟ್ಟಿದೆ. ಬೆಣ್ಣೆ ಮುಟ್ಟಿದ ಹಾಗಿತ್ತು. ತಲೆಯೆತ್ತಿ ನೋಡಿದರೆ ಇವರು ಗಾಜಿನ ಆಚೆ, ಕಸದ ಡಬ್ಬದ ಪಕ್ಕಕ್ಕೆ ಗುಡಿಸಿ ಹಾಕಿದ್ದ ನಮ್ಮ ಚಪ್ಪಲಿಗಳನ್ನು ಬಗ್ಗಿ ಆರಿಸಿಕೊಳ್ಳುತ್ತಿದ್ದರು. ಸ್ವೆಟರು ಕೈಬಿಟ್ಟೆ.

ವಾಪಸು ರೈಲಿನಲ್ಲಿ ಇವರು ಪಂಚೆಯ ಹತ್ತಿಯನ್ನು ಒಂದೊಂದೇ ಎಳೆ ಬಿಡಿಸಿ, ಅದನ್ನೂ ಆಚೆ ಎಸೆಯದೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮನೆಗೆ ಬಂದರೆ ಅತ್ತೆ, “ಎಲ್ಲೋ ಉಣ್ಣೆ?” ಎಂದರು. “ಮುಗ್ದೋಗಿತ್ತು ಕಣವ್ವ.” ಮಾರನೆಯ ದಿನ ಶರಟು ಒಗೆಯಲು ತೆಗೆದ ಅತ್ತೆಗೆ ಜೇಬಿನಲ್ಲಿ ಹತ್ತಿ ಸಿಕ್ಕಿತು. “ಒಳ್ಳೇ ಹತ್ತಿ ಕಣ್ಲಾ, ಒಂದ್ ಬೀಜ ಇಲ್ಲ, ಎಲ್ ಸಿಕ್ತು?” ಎನ್ನುತ್ತಾ ತೊಡೆಯ ಮೇಲೆ ಬತ್ತಿ ಹೊಸೆದು ದೇವರ ಮುಂದೆ ಹಚ್ಚಿದರು. ಸಂಜೆ ಸಂಜೆಗೆ ನಮ್ಮ ಅವಮಾನ ದೀಪವಾಗಿ ಉರಿಯುತ್ತಿತ್ತು. ನಾವಿಬ್ಬರೂ ಅದಕ್ಕೆ ಕೈಮುಗಿಯುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಮಗುವಿಗೆ ಆ ಚಳಿಯಲ್ಲೂ ಎದೆ ಕಟ್ಟಿತು. ನರ್ಸಮ್ಮ “ಉಣ್ಣೆ ಎಲ್ಲಿ?” ಎಂದಾಗ ನಾನೂ ಅದೇ ಸುಳ್ಳು ಹೇಳಿದೆ. ಆಯಮ್ಮ ನನ್ನ ಮುಖವನ್ನೇ ನೋಡಿದರು. ಹಬ್ಬ ಮುಗಿಸಿ ಊರಿಂದ ಬರುವಾಗ ಕಜ್ಜಾಯದ ಜೊತೆಗೆ ತಮ್ಮ ಅಣ್ಣನ ಮಗನ ಹಳೆಯ ಸ್ವೆಟರು ತಂದುಕೊಟ್ಟರು. ಕಾಯಿಲೆ ಎಂಬುದು ಅದರೊಳಗೆ ಬೆಚ್ಚಗೆ ಕರಗಿಹೋಯಿತು. ಮಗು ಉಳಿಯಿತು.

ಉಳಿಯದೆ ಹೋದದ್ದು ಬೇರೆ. ಆಮೇಲೆ ನಮ್ಮ ಯಜಮಾನರು ಎಲ್ಲಿಗೆ ಹೋದರೂ ಬಾಗಿಲಲ್ಲಿ ನಿಂತು, “ಕುಂತ್ಕಬೋದಾ?” ಎಂದು ಕೇಳತೊಡಗಿದರು. ಅದೇ ಚನ್ನಪಟ್ಟಣದ ಶೆಟ್ಟರ ಅಂಗಡಿಯಲ್ಲಿ ಕೇಳಿದಾಗ ಶೆಟ್ಟರು ತಮಾಷೆಯೆಂದು ನಕ್ಕರು. ಬೀಗರ ಮನೆಯಲ್ಲಿ ಕೇಳಿದರು. ಬಸ್ಸಿನಲ್ಲಿ ಖಾಲಿ ಸೀಟಿನ ಪಕ್ಕದವರನ್ನು ಕೇಳಿದರು. ಮುದುಕರಾದಮೇಲೆ ಮಗ ರಾಮನಗರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ತೆರೆದಾಗ, ಆ ಮಗನ ಅಂಗಡಿಯ ಸ್ಟೂಲಿನ ಮುಂದೆ ನಿಂತೂ ಕೇಳಿದರು. ಜನ, “ಎಷ್ಟು ಮರ್ಯಾದಸ್ಥರಪ್ಪ” ಎಂದು ಹೊಗಳುತ್ತಿದ್ದರು. ನೋಡಿ ನೋಡಿ ಮಗನೂ ಕಲಿತ. ಅದು ಮರ್ಯಾದೆಯಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಕೇಳಿದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ. ಈಗ ಅವರಿಲ್ಲ. ಎಲ್ಲಿದ್ದಾರೋ, ಅಲ್ಲಿ ಯಾರನ್ನೂ ಕೇಳದೆ ಕೂತಿದ್ದರೆ ಸಾಕು.

ಈಗ ಬನ್ನಿ, ಮೊಮ್ಮಗಳನ್ನು ಹತ್ತಿಯ ಮೇಲೆ ಬಿಟ್ಟು ಬಂದಿದ್ದೆವು.

ಅಂಗಡಿಯ ಕೆಂಪು ಅಂಗಿ ತೊಟ್ಟ ಹುಡುಗಿಯೊಬ್ಬಳು ಬರುತ್ತಿದ್ದಳು. ಗಾಡಿ ನಿಲ್ಲಿಸಿ ಆಗತಾನೇ ಒಳಗೆ ಬಂದ ಮಗ ಅವಳಿಗಿಂತ ಮೊದಲೇ ಓಡಿ, “ಸಾರಿ ಮೇಡಂ, ಸಾರಿ, ಎತ್ಕೋತೀನಿ” ಎಂದು ಬಗ್ಗಿದ. ಆ ಬಗ್ಗಿದ ಬೆನ್ನು ನೋಡಿದೆ. ಚಪ್ಪಲಿ ಆರಿಸುತ್ತಿದ್ದ ಬೆನ್ನೇ. ಮಗು ಮಾತ್ರ ಅಪ್ಪನ ಕೈಗೆ ಸಿಗದೆ ನನ್ನ ಕಡೆ ತಿರುಗಿ, ಪಕ್ಕದ ಹತ್ತಿಯನ್ನು ಅಂಗೈಯಲ್ಲಿ ತಟ್ಟಿ, “ಅಜ್ಜಿ, ಬಾ. ಕೂಕೋ” ಎಂದಿತು.

ನಾನು ಚಪ್ಪಲಿ ಬಿಟ್ಟೆ.

“ಅಮ್ಮಾ, ಏನ್ ಮಾಡ್ತಿದ್ದೀಯಾ? ಕೇಳಿ ಕೂತ್ಕೊ!” ಎಂದ ಮಗ. ಕೇಳಲಿಲ್ಲ. ಮಂಡಿ ಹಿಡಿದುಕೊಂಡು ನಿಧಾನವಾಗಿ ಬಗ್ಗಿ, ಮೊಮ್ಮಗಳ ಪಕ್ಕ ಚಕ್ಕಂಬಕ್ಕಲ ಹಾಕಲಾಗದೆ ಕಾಲು ನೀಡಿಕೊಂಡೇ ಕೂತೆ. ಗಿರಾಕಿಗಳು ನಿಂತು ನೋಡಿದರು. ಯಾರೋ ಮೊಬೈಲು ಎತ್ತಿದರು. ಕಿವಿ ಕೆಂಡವಾಗಿತ್ತು. ಸುಳ್ಳು ಹೇಳುವುದಿಲ್ಲ, ನಾಚಿಕೆಯಿಂದ ಕಣ್ಣು ಮೇಲೆತ್ತಲಿಲ್ಲ. ಆದರೆ ಏಳಲೂ ಇಲ್ಲ. ಮಗು ನನ್ನ ತೊಡೆಯ ಮೇಲೆ ಹತ್ತಿ ಕಿತ್ತು ಕಿತ್ತು ಹಾಕುತ್ತಿತ್ತು.

ಕೆಂಪು ಅಂಗಿಯ ಹುಡುಗಿ ಎದುರಿಗೆ ಬಂದು ನಿಂತಳು. ಒಮ್ಮೆ ನನ್ನ ಚಪ್ಪಲಿ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಕೈಲಾಂಚದ ಕಡೆಯವಳಂತೆ, ಆಮೇಲೆ ಗೊತ್ತಾಯಿತು. ಏನು ಅನ್ನಿಸಿತೋ ಅವಳಿಗೆ, ಮೊಣಕಾಲೂರಿ ನನ್ನ ಸಮಕ್ಕೆ ಕೂತು ಕೇಳಿದಳು:

“ಏನ್ ತೋರಿಸ್ಲಿ ಅಜ್ಜಿ?”

ಸೆರಗು ಸರಿಮಾಡಿಕೊಂಡು ಹೇಳಿದೆ:

“ಎಳೇ ಮಗೀಗೆ ಉಣ್ಣೆದು ತೋರ್ಸವ್ವ. ಒಳ್ಳೇದೇ ತಗಿ. ನಂಗೇನ್ ಅರ್ಜೆಂಟಿಲ್ಲ, ಕುಂತಿವ್ನಿ.”